ಕೆಂಪು ಹನಿ, ತಿಳಿ ಹನಿ

ಪಿಎಚ್‌ಡಿಯ ನಾಲ್ಕನೇ ವರ್ಷದ ಒಂದು ಮಧ್ಯಾಹ್ನ, ಮೈಸೂರಿನ ಪ್ರಯೋಗಾಲಯದಲ್ಲಿ, ನೀರು ನನ್ನ ಕಣ್ಣೆದುರೇ ಪುಸ್ತಕದ ಮಾತು ಮೀರಿತು. ನನ್ನ ಮುಂದೆ ಉಗುರಿನಷ್ಟಗಲದ ಕಪ್ಪು ಹಾಳೆಯಿತ್ತು. ಅದರೊಳಗೆ ಇಂಗಾಲದ ಕೊಳವೆಗಳು ಕೋಟಿಗಟ್ಟಲೆ, ಪೈರಿನ ಹಾಗೆ ಒತ್ತೊತ್ತಾಗಿ ನಿಂತಿವೆ. ಒಂದೊಂದರ ಬಾಯಿಯೂ ತಲೆಗೂದಲಿನ ದಪ್ಪದ ಹತ್ತಾರು ಸಾವಿರದಲ್ಲೊಂದು ಪಾಲು. ಪುಸ್ತಕದ ಪ್ರಕಾರ, ಕೊಳವೆ ಸಣ್ಣದಾದಷ್ಟೂ ನೀರು ಏಗುತ್ತದೆ. ಬಾಯಿ ಅರ್ಧವಾದರೆ ಹರಿವು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಒಂದು ಹನಿಗೆ ನಾನು ದಿನಗಟ್ಟಲೆ ಕಾಯಬೇಕಿತ್ತು. ಆದರೆ ಕಾಫಿ ಕುಡಿದು ಬರುವಷ್ಟರಲ್ಲಿ ಕೆಳಗಿನ ಗಾಜಿನ ಲೋಟದ ತಳ ಮುಚ್ಚಿತ್ತು!

ಬೇರೆ ದೇಶದವರು ಇಂಥ ಓಟವನ್ನು ಮೊದಲೇ ಕಂಡಿದ್ದರು, ನಾನು ಓದಿದ್ದೆ. ಆದರೆ ನನ್ನದು ಅವರೆಲ್ಲರದಕ್ಕಿಂತ ಜೋರು. ನನಗೆ ಕೋಡು ಮೂಡಿತು. ಸೋಮವಾರ ಸಮಿತಿಯ ಮುಂದೆ ನಿಂತು ಕೆಲಸ ಒಪ್ಪಿಸಬೇಕಿತ್ತು. ಒಪ್ಪದಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಹೋಮ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದವಳು ನಾನು: ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು ಗುರುಗಳಿಗೆ ಕೊಟ್ಟೇಬಿಟ್ಟೆ.

ಶನಿವಾರ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಳಿದು ಊರಿಗೆ ಹೋದೆ. ಅವ್ವ ಮನೆಯಲ್ಲಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ ಹತ್ತಿರವಾದರೆ ಸುತ್ತಲಿನವರೆಲ್ಲ ಬ್ಯಾರನ್ನಿನ ಕೊಳವೆಯ ಸಂದುಗಳಿಗೆ ಮಣ್ಣು ಮೆತ್ತಲು ಅವಳನ್ನೇ ಕರೆಯುತ್ತಾರೆ. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಮೇಲೆ ಸೊಪ್ಪು ತೂಗುತ್ತದೆ, ಕೆಳಗೆ ತಗಡಿನ ಕೊಳವೆಯಲ್ಲಿ ಒಲೆಯ ಬಿಸಿಹೊಗೆ ಓಡುತ್ತದೆ, ಅದರ ಕಾವಿಗೆ ಸೊಪ್ಪು ಒಣಗುತ್ತದೆ. ಅವಳು ಮೊಣಕೈವರೆಗೆ ಕೆಮ್ಮಣ್ಣು ಮಾಡಿಕೊಂಡು ಕುಳಿತಿದ್ದಳು. ನಾನು ಬಾಗಿಲಲ್ಲೇ ನಿಂತು ನನ್ನ ನೀರಿನ ಪವಾಡವನ್ನೆಲ್ಲ ಒದರಿದೆ.

ಅವಳು ಕೇಳಿದ್ದು ಒಂದೇ. "ಆಳೆ ಸುತ್ತ ಸಂದಲ್ಲಿ ಸೋರ್ತಾ ಇಲ್ಲ ತಾನೆ?"

"ಇದೇನು ನಿನ್ನ ಬ್ಯಾರನ್ ಅಂದ್ಕಂಡ್ಯಾ?" ಎಂದು ಸಿಡುಕಿದೆ.

"ಕ್ವಾಪ ಯಾಕವ್ವ? ಒಂದು ಬಿರುಕಿದ್ರೆ ಸಾಕು, ವಗೆ ನುಗ್ಗಿ ಸೊಪ್ಪೆಲ್ಲ ಕೆಡ್ತದೆ. ಅದ್ಕೇ ಮೊದಲ್ನೇ ಮೆತ್ತು ಬಿರೀಲಿ ಅಂತ್ಲೇ ಆಕೋದು ಕಣವ್ವ. ಬೆಂಕಿ ಕೊಟ್ಟು ಬಿರಿಸ್ಬೇಕು. ಎಲ್ಲಿ ಬಿರೀತೋ ಅಲ್ಲೇ ಮೋಸ. ಅಲ್ಲಿಗೆ ಎರಡ್ನೇ ಮೆತ್ತು."

ಮುಖ ಊದಿಸಿಕೊಂಡೇ ಉಂಡೆ. ಭಾನುವಾರ ಬೆಳಿಗ್ಗೆ ಬಸ್ಸು ಹಂಪಾಪುರ ದಾಟುವಾಗ ಸಿಟ್ಟು ಇಳಿದು ಭಯ ಹತ್ತಿತು. ಹಾಳೆಯನ್ನು ಯಂತ್ರಕ್ಕೆ ಕೂರಿಸುವಾಗ ಅದರ ಅಂಚಿಗೆ ನಾನು ಅಂಟು ಬಳಿದದ್ದು ಒಂದೇ ಸಲ. ಅದು ಹಿಡಿದಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಪರೀಕ್ಷೆಗೆ ದಾರಿಯಿತ್ತು. ಚಿನ್ನದ ಅತಿಸಣ್ಣ ಕಣ ಬೆರೆತ ನೀರು ಕೆಂಪಗಿರುತ್ತದೆ. ಆ ಕಣಗಳು ನನ್ನ ಕೊಳವೆಗಳೊಳಗೆ ತೂರಲಾರವು, ಅವುಗಳ ಬಾಯಿಗಿಂತ ದೊಡ್ಡವು. ಕೆಳಗೆ ಕೆಂಪು ಬಿದ್ದರೆ ನೀರು ಬಂದದ್ದು ಕೊಳವೆಯಿಂದಲ್ಲ, ಸಂದಿನಿಂದ. ಯಂತ್ರಕ್ಕೆ ಕೆಂಪು ನೀರು ಸುರಿದು, ಕೈ ಕಟ್ಟಿ ನಿಂತೆ.

ಕೆಂಪು ಹನಿಯೇ ಬಿತ್ತು.

ನಾಚಿಕೆಯಿಂದ ಕಿವಿ ಸುಟ್ಟಿತು. ಗುರುಗಳಿಗೆ ಫೋನ್ ಮಾಡಿ, ಕೊಟ್ಟ ಅಂಕಿ ಸುಳ್ಳು ಎಂದೆ. "ನಾಳೆ ಏನು ಹೇಳ್ತೀಯ?" ಎಂದರು. ಗೊತ್ತಿಲ್ಲ ಎಂದೆ. ಆಮೇಲೆ ಹಾಳೆ ಬಿಚ್ಚಿ, ಅಂಚು ಕೆರೆದು, ಅಂಟು ಬಳಿದೆ. ಒಣಗಿದ ಮೇಲೆ ಒತ್ತಡ ಏರಿಸಿ ಬೇಕೆಂದೇ ಅದನ್ನು ಬಿರಿಸಿದೆ. ಎರಡು ಕಡೆ ಕೂದಲೆಳೆಯಂಥ ಗೆರೆ ಕಂಡವು. ಅವುಗಳ ಮೇಲೆ ಎರಡನೇ ಮೆತ್ತು ಹಾಕಿ ಕೋಣೆಗೆ ಹೋದೆ.

ಸೋಮವಾರ ಬೆಳಿಗ್ಗೆ ಮತ್ತೆ ಕೆಂಪು ನೀರು ತುಂಬಿದೆ. ಹಾಳೆಯ ಮೇಲೆ ದಾಸವಾಳದ ಕೆಂಪು. ಕೆಳಗೆ ಒಂದು ಹನಿ ಮೂಡಿ, ದಪ್ಪವಾಗಿ, ಬಿತ್ತು. ತಿಳಿಯಾಗಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಣಿಸಿ ನೋಡಿದೆ: ಮೊದಲಿನ ಓಟವಿಲ್ಲ, ಅರ್ಧಕ್ಕೂ ಕಡಿಮೆ. ಆದರೂ ಪುಸ್ತಕ ಹೇಳಿದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ಮೈ ಜುಮ್ಮೆಂದಿತು. ಯಾರೂ ಕಾಣಲಾಗದಷ್ಟು ಕಿರಿದಾದ ಕೋಟಿ ಬಾಗಿಲುಗಳಿಂದ, ಗೋಡೆಯನ್ನೇ ಮುಟ್ಟದಂತೆ ಜಾರಿ, ನೀರು ನನ್ನ ಕಡೆ ಬರುತ್ತಿತ್ತು. ನಾನು ಅತ್ತುಬಿಟ್ಟೆ.

ಸಮಿತಿಯ ಮುಂದೆ ಸುಳ್ಳಂಕಿಯನ್ನೂ ನಿಜವನ್ನೂ ಪಕ್ಕಪಕ್ಕದಲ್ಲೇ ಇಟ್ಟೆ. ಒಪ್ಪಿದರು. ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ.

"ಎರಡ್ನೇ ಮೆತ್ತು ಹಾಕಿದ್ಮೇಲೆ ಸೋರಲಿಲ್ಲ ಕಣವ್ವ. ನಿಜವಾಗ್ಲೂ ಓಡ್ತದೆ."

"ಅಷ್ಟು ಸಣ್ಣ ತೂತಲ್ಲಿ ಅಷ್ಟು ಜೋರಾಗಿ ಯಾಕ್ ಓಡ್ತದೆ?"

"ಪೂರ್ತಿ ಯಾರ್ಗೂ ಗೊತ್ತಿಲ್ಲ. ದೊಡ್ಡದೊಡ್ಡೋರೇ ಇನ್ನೂ ಕಿತ್ತಾಡ್ತಾ ಅವ್ರೆ."

ಅವಳು ಮಗುವಿನಂತೆ ನಕ್ಕಳು.

"ನಿಮ್ಗೆಲ್ಲ ಗೊತ್ತಾಗ್ಲಿ ಅಂತ ಅದು ಕಾಯ್ತಾ ಕೂತಿಲ್ವಲ್ಲ ಬುಡು!"