ಮುಟ್ಟಾಳೆಯ ಮೂರು ಹೊಲಿಗೆ

1962ರ ಜನವರಿಯ ಕೊನೆಯ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ, ಬಂಟ್ವಾಳದ ಒಂದು ಶಾಲೆಯ ಹಾಲ್. ಹಾಜರಿದ್ದವರು ಮೂವರು: ನಮಗೆ ಚಿತ್ರ ಕಲಿಸುತ್ತಿದ್ದ ಶೀನಪ್ಪ ಮಾಸ್ಟ್ರು, ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗೆಳೆಯ ಲಾರೆನ್ಸ್, ಮತ್ತು ನಾನು. ಅಂದು ನಮ್ಮ ಭಾನುವಾರದ ತರಗತಿಯ ಚಿತ್ರಗಳ ಪ್ರದರ್ಶನ.

ವಿವರಿಸಲಾಗದ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಆ ಕಾಲದಲ್ಲಿ ನಾನು ಎದ್ದು ಹೋಗುತ್ತಿದ್ದೆ. ಎಲ್ಲದಕ್ಕೂ ಕಾರಣ ಇದ್ದೇ ಇರುತ್ತದೆ, ಹುಡುಕಲು ಸೋಮಾರಿತನ, ಅಷ್ಟೇ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ಎದ್ದು ಹೋದರೆ ನನಗೆ ಬೇಸರವಿಲ್ಲ.

ಮಾಸ್ಟ್ರ ತರಗತಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ನರಿಕೊಂಬಿಗೋ ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗಬೇಕು. ಎದುರಿಗೆ ಇರುವುದನ್ನು ಮಾತ್ರ ಬರೆಯಬೇಕು. ಮುಗಿದ ಮೇಲೆ ಹಾಳೆಯ ಹಿಂದೆ ದಿನ, ಗಂಟೆ, ಸ್ಥಳ ನಮೂದಿಸಿ, ‘ಕಂಡು ಬರೆದದ್ದು’ ಎಂದು ಸಹಿ ಹಾಕಬೇಕು. ಸುಳ್ಳು ಸಹಿ ಹಾಕಿದವನಿಗೆ ತರಗತಿಯಲ್ಲಿ ಜಾಗವಿಲ್ಲ. ಶಿಸ್ತಿನಲ್ಲಿ ಬೆಳೆದ ನನಗೆ ಈ ನಿಯಮ ಬಹಳ ಹಿಡಿಸಿತ್ತು. ತಾಲೂಕು ಕಚೇರಿಯಲ್ಲಿ ನನ್ನ ಕೆಲಸವೂ ಬೇರೆಯವರ ಸಹಿ ಸರಿಯುಂಟೋ ಎಂದು ನೋಡುವುದೇ.

ಆದರೂ ಒಮ್ಮೆ ಸುಳ್ಳು ಸಹಿ ಹಾಕಿದೆ. ಪ್ರದರ್ಶನಕ್ಕೆ ಎರಡು ತಿಂಗಳು ಮೊದಲು, ಮೂಡುಬಿದಿರೆಯ ಬಸದಿಯೊಂದರ ಎದುರಿನ ಮಾನಸ್ತಂಭವನ್ನು ಬರೆಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮನುಷ್ಯನಿಲ್ಲದಿದ್ದರೆ ಕಂಬದ ಎತ್ತರ ತಿಳಿಯುವುದಿಲ್ಲ ಎಂದು ಮಾಸ್ಟ್ರು ಯಾವಾಗಲೂ ಹೇಳುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ. ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಬೆರಳುದ್ದದ ಒಬ್ಬ ಮನುಷ್ಯನನ್ನು ಊಹೆಯಿಂದ ನಿಲ್ಲಿಸಿದೆ. ತಲೆಗೆ ಅಡಿಕೆ ಹಾಳೆಯ ಟೋಪಿ, ನಮ್ಮಲ್ಲಿ ಬೇಸಾಯಗಾರರು ಇಡುವ ಮುಟ್ಟಾಳೆ. ಹಿಂದೆ ತಿರುಗಿಸಿ ಸಹಿ ಹಾಕಿದೆ. ಮಾಸ್ಟ್ರು ಅದನ್ನೇ ಮೆಚ್ಚಿ ಪ್ರದರ್ಶನದಲ್ಲಿ ಬಾಗಿಲ ಹತ್ತಿರ, ಎಲ್ಲಕ್ಕಿಂತ ಮೊದಲು ತೂಗುಹಾಕಿಸಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ನಲವತ್ತೈದು ವರ್ಷದ ಒಬ್ಬ ಹೆಂಗಸು ಒಳಗೆ ಬಂದರು. ಸಿದ್ಧಕಟ್ಟೆಯವರು, ಹೆಸರು ಸೇಸಮ್ಮ ಎಂದು ಆಮೇಲೆ ತಿಳಿಯಿತು. ಪೇಟೆಗೆ ಬಂದವರು ಬಸ್ಸಿಗೆ ಹೊತ್ತಿದೆ ಎಂದು ನೆರಳಿಗೆಂದು ಹಾಲ್‌ನ ಮೆಟ್ಟಿಲು ಹತ್ತಿದ್ದರಂತೆ. ಬಾಗಿಲಲ್ಲೇ, ನನ್ನ ಚಿತ್ರದ ಎದುರು ನಿಂತುಬಿಟ್ಟರು.

“ಲಾರೆನ್ಸ್, ನಿನ್ನ ಚಿತ್ರವನ್ನು ಇಷ್ಟು ಹೊತ್ತು ಯಾರೂ ನೋಡ್ಲಿಲ್ಲ ಮಾರಾಯ,” ಎಂದೆ.

“ನನ್ನದರಲ್ಲಿ ಕರು ಉಂಟು. ಅದಕ್ಕೆ ಹುಲ್ಲು ಹಾಕುವವರು ಬರಬೇಕಷ್ಟೆ,” ಎಂದ ಲಾರೆನ್ಸ್.

ಅಷ್ಟರಲ್ಲಿ ಆಕೆ, ಬರೆದವರು ಯಾರೆಂದು ಮಾಸ್ಟ್ರನ್ನು ಕೇಳಿ, ನನ್ನನ್ನು ಕರೆದರು. ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಅಣ್ಣ, ಇವರನ್ನು ನೀವು ಎಲ್ಲಿ ಕಂಡದ್ದು?”

“ಯಾರನ್ನು?”

“ನನ್ನ ಯಜಮಾನರು. ಘಟ್ಟಕ್ಕೆ ಕೆಲಸಕ್ಕೆ ಹೋದವರು ಬರ್ಲಿಲ್ಲ, ಏಳು ವರ್ಷ ಆಯ್ತು. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ ಅವರದ್ದು. ಮುಟ್ಟಾಳೆ ಒಡೆದಿತ್ತು. ನೋಡಿ, ನಾನೇ ಹಾಕಿದ ಮೂರು ಹೊಲಿಗೆ.”

ಹತ್ತಿರ ಹೋಗಿ ನೋಡಿದೆ. ಹಿಮ್ಮಡಿ ಎತ್ತಿ ನಿಂತದ್ದು ಹೌದು. ಪಾದ ಬರೆಯಲು ನನಗೆ ಬಾರದು, ಅದು ತಪ್ಪಿಹೋಗಿದೆ ಎಂದು ಹೇಳಬಹುದು. ಆದರೆ ಮುಟ್ಟಾಳೆಯ ಎಡ ಅಂಚಿನಲ್ಲಿ ಸಣ್ಣ ಬಿರುಕು, ಅದರ ಮೇಲೆ ಅಡ್ಡಕ್ಕೆ ಮೂರು ಗೆರೆ. ಬಿರುಕನ್ನಾಗಲಿ ಗೆರೆಗಳನ್ನಾಗಲಿ ಎಳೆದ ನೆನಪು ನನಗಿರಲಿಲ್ಲ.

“ಬರುವ ತಿಂಗಳು ಬೊಜ್ಜ ಮಾಡಿ ಮುಗಿಸುವ ಅಂತ ಮೈದುನ ಹೇಳ್ತಾ ಇದ್ದಾನೆ. ಸತ್ತವರಿಗೆ ಮಾಡುವ ಕ್ರಿಯೆ, ಬದುಕಿರುವವರಿಗೆ ಮಾಡ್ಲಿಕ್ಕೆ ಆಗ್ತದಾ? ನೀವು ಹೇಳಿ. ಕಂಡದ್ದು ಹೌದಾ?”

ಮಾಸ್ಟ್ರು ನಾಲ್ಕು ಹೆಜ್ಜೆ ಆಚೆ ನಿಂತು ಕೇಳುತ್ತಿದ್ದರು. “ಹಿಂದೆ ಸಹಿ ಉಂಟಲ್ಲ, ಕಂಡೇ ಬರೆದದ್ದು,” ಎಂದು ನನ್ನ ಪರವಾಗಿ ಹೆಮ್ಮೆಯಿಂದ ಹೇಳಿದರು.

“ಹೌದು, ಕಂಡದ್ದು,” ಎಂದೆ.

“ಎತ್ತ ಹೋದರು?”

“ವೇಣೂರು ರಸ್ತೆಯಲ್ಲಿ. ಬೆಳ್ತಂಗಡಿ ಕಡೆಗೆ.”

ಇದನ್ನು ಯಾಕೆ ಹೇಳಿದೆನೋ ನನಗೆ ಇಂದಿಗೂ ತಿಳಿಯದು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಊರಿನ ಬಸ್ಸು ಬಿಟ್ಟು ಬೆಳ್ತಂಗಡಿಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ಹೊರಟರು.

ಲಾರೆನ್ಸ್‌ನನ್ನು ಮೂಲೆಗೆ ಕರೆದೆ. ಅವನು ಆ ದಿನ ನನ್ನ ಪಕ್ಕದಲ್ಲೇ ಕೂತು ಅದೇ ಕಂಬವನ್ನು ಬರೆದವನು. “ಅಲ್ಲಿ ಯಾರಾದರೂ ನಿಂತಿದ್ದರಾ?” ಎಂದು ಕೇಳಿದೆ.

“ಕರು ಒಂದೇ. ಮನುಷ್ಯ ಇದ್ದಿದ್ದರೆ ನಾನು ಕರುವಿನ ಹಿಂದೆ ಯಾಕೆ ಬೀಳ್ತಿದ್ದೆ?”

ನಾನು ಬಸ್ ನಿಲ್ದಾಣಕ್ಕೆ ಓಡಿದೆ. ನಾಲ್ಕು ಗಂಟೆಯ ಬಸ್ಸು ನಿಂತಿತ್ತು. ಸೇಸಮ್ಮ ಕಿಟಕಿಯ ಬದಿಯಲ್ಲಿ ಕೂತಿದ್ದರು. ಕಿಟಕಿಯ ಕಂಬಿ ಹಿಡಿದು ಎಲ್ಲವನ್ನೂ ಹೇಳಿದೆ: ಅಲ್ಲಿ ಯಾರೂ ಇರಲಿಲ್ಲ, ಊಹೆಯಿಂದ ಬರೆದೆ, ಸಹಿಯೂ ಸುಳ್ಳು, ರಸ್ತೆಯ ಮಾತೂ ಸುಳ್ಳು.

ಆಕೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದರು:

“ಹೇಳಬೇಡಿ ಅಂತ ಅವರೇ ಹೇಳಿದರಾ?”

“ಇಲ್ಲಮ್ಮ, ನಾನು ಅವರನ್ನು ಕಂಡೇ ಇಲ್ಲ.”

“ಕಾಣದೆ ಹೊಲಿಗೆ ಹೇಗೆ ಬರೆದಿರಿ? ಮನೆಯಲ್ಲಿ ಕೂತು ಹಾಕಿದ ಹೊಲಿಗೆ ಅದು. ನನಗೂ ಅವರಿಗೂ ಬಿಟ್ಟು ಬೇರೆ ಯಾರಿಗೆ ಗೊತ್ತು?”

ನಾನು ಕಿಟಕಿಯ ಕಂಬಿ ಬಿಟ್ಟು ಹಿಂದೆ ಸರಿದೆ. ಕಂಡಕ್ಟರ್ “ಪುಂಜಾಲಕಟ್ಟೆ, ಬೆಳ್ತಂಗಡಿ” ಎಂದು ಕೂಗಿದ. ಬಸ್ಸು ಹೊರಟಿತು. ಸತ್ಯ ಹೇಳಿದ್ದೂ ಆಕೆಯ ಆಸೆಯನ್ನು ಗಟ್ಟಿ ಮಾಡಿತಷ್ಟೆ.

ಸಿದ್ಧಕಟ್ಟೆ ನಮಗೆ ದೂರವಲ್ಲ. ಬೊಜ್ಜ ನಡೆಯಿತೋ, ನಿಂತಿತೋ, ಆ ಮನುಷ್ಯ ಮರಳಿದನೋ, ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಮೊದಲು ಧೈರ್ಯವಿರಲಿಲ್ಲ, ಆಮೇಲೆ, ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗುವುದು ಎಂದಾಯಿತು.

ಹಾಲ್‌ಗೆ ಮರಳಿದಾಗ ಮಾಸ್ಟ್ರು, “ಎಲ್ಲಿಗೆ ಓಡಿದ್ದು?” ಎಂದು ಕೇಳಿದರು.

“ಆಕೆಗೆ ಬಸ್ಸು ತೋರಿಸಲಿಕ್ಕೆ,” ಎಂದೆ.

“ಒಳ್ಳೆಯದು ಮಾಡಿದಿರಿ,” ಎಂದರು.

ಆಮೇಲೆ ಲಾರೆನ್ಸ್ ಮೊಳೆ ಕೀಳುತ್ತಾ ಹೋದ. ನಾನು ಚಿತ್ರಗಳನ್ನು ಇಳಿಸಿ, ಅಳತೆಯ ಪ್ರಕಾರ ಜೋಡಿಸಿ, ರಟ್ಟಿನ ನಡುವೆ ಇಟ್ಟು ನೂಲಿನಿಂದ ಕಟ್ಟಿದೆ. ಬೆಂಚುಗಳನ್ನು ತರಗತಿಗಳಿಗೆ ಹಿಂದಿರುಗಿಸಿ, ಹಾಲ್ ಗುಡಿಸಿ, ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಜವಾನನ ಮನೆಗೆ ಕೊಟ್ಟುಬಂದೆ. ಆಗ ಗಂಟೆ ಆರು.