ಕೇಳದೆ ಅಂದ ಹೂಂ

ನೆಟ್‌ವರ್ಕ್ ಪಾಠ ಹೇಳುವ ಕಾಲೇಜು ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಹೂಂ ಮೇಷ್ಟ್ರು. ಅವರ ಪಾಠ ಇಷ್ಟು: ಕಳಿಸುವ ಕಂಪ್ಯೂಟರ್ ಒಂದೊಂದರ ಉತ್ತರಕ್ಕೂ ಕಾಯದೆ ಮಾಹಿತಿಯ ಕೆಲವು ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು ಸಾಲಾಗಿ ಬಿಡುತ್ತದೆ. ಆದರೆ ಆ ಕಡೆಯಿಂದ ಸಿಕ್ಕಿತು ಎಂಬ 'ಹೂಂ' ಬರುವವರೆಗೂ ಪ್ರತಿಯೊಂದರ ನಕಲು ಇಟ್ಟುಕೊಂಡಿರುತ್ತದೆ, ಬಾರದಿದ್ದರೆ ಮತ್ತೆ ಕಳಿಸುತ್ತದೆ.

"ಹೂಂ ಬಂತೋ, ನಕಲು ಕಸದ ಬುಟ್ಟಿಗೆ. ಸರಿಯಾಗಿ ನೋಡದೆ ಹೂಂ ಅಂದವನಷ್ಟು ದೊಡ್ಡ ಪಾಪಿ ಇನ್ನೊಬ್ಬನಿಲ್ಲ ಕಣ್ರೋ!" ಎಂದು ಮೇಷ್ಟ್ರು ಮೇಜು ಗುದ್ದುತ್ತಿದ್ದರು.

ಊಟದ ಬಿಡುವಿನಲ್ಲಿ ಅಕ್ಕನ ಫೋನು ಬರುತ್ತಿತ್ತು. ಮೊಣಕಾಲು ನೋವು, ಸೋರುವ ನಲ್ಲಿ, ಪಕ್ಕದ ಮನೆಯ ಜಗಳ, ಎಲ್ಲವೂ ಒಂದೇ ಉಸಿರಿಗೆ. ಮೇಷ್ಟ್ರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಉತ್ತರಪತ್ರಿಕೆ ತಿದ್ದುತ್ತಲೇ ಹೂಂಗುಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಫೋನು ಬರಲಿಲ್ಲ. ಸಂಜೆ ಇವರೇ ಮಾಡಿದಾಗ ಎತ್ತಿದ್ದು ಆಸ್ಪತ್ರೆಯ ನರ್ಸು. ಎದ್ದೆನೋ ಬಿದ್ದೆನೋ ಎಂದು ಓಡಿದರು. ಅಕ್ಕನ ಹೊಟ್ಟೆಯ ಆಪರೇಷನ್ ಬೆಳಿಗ್ಗೆಯೇ ಮುಗಿದಿತ್ತು. ಒಪ್ಪಿಗೆಗೆ ತಾನೇ ಸಹಿ ಹಾಕಿ, ಒಬ್ಬಳೇ ಒಳಗೆ ಹೋಗಿದ್ದಳು.

"ನನಗೊಂದು ಮಾತು ಹೇಳಬಾರದಿತ್ತೇನೇ ಅಕ್ಕ?" ಮೇಷ್ಟ್ರು ಮಂಚದ ಮೇಲೆ ಬಗ್ಗಿ ಕೇಳಿದರು.

ಅಕ್ಕ ಕಣ್ಣು ತೆರೆಯಲಿಲ್ಲ. "ನಿನ್ನೆ ಫೋನಲ್ಲಿ ಹೇಳಿದ್ನಲ್ಲೋ. ಭಯ ಆಗ್ತಿದೆ, ಬಂದ್ಬಿಡೋ ಅಂದೆ. ನೀನು ಹೂಂ ಅಂದ್ಯಲ್ಲ, ಅದಕ್ಕೇ ಮತ್ತೆ ಹೇಳ್ಲಿಲ್ಲ."