ಮಳವಳ್ಳಿಯ ಕುಲುಮೆಗೆ ಗ್ರಾಮಾಫೋನು ಬಂದದ್ದು

ಮಳವಳ್ಳಿಯಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟಿಸಬೇಕೆಂದರೆ ಜನ ಶಫೀವುಲ್ಲಾ ಸಾಹೇಬರ ಕುಲುಮೆಗೇ ಬರುತ್ತಿದ್ದರು. ಸಾಹೇಬರ ಮುಖವೂ ಆ ಹಳಿಯ ಜಾತಿಯದೇ. ತಣ್ಣಗಿದ್ದಾಗ ಬಗ್ಗುವುದಿಲ್ಲ, ಕಾದಾಗ ಹತ್ತಿರ ಹೋಗುವಂತಿಲ್ಲ. ದೇವರು ಅವರಿಗೆ ಒಳ್ಳೆಯ ಮನಸ್ಸನ್ನೇ ಕೊಟ್ಟಿದ್ದ. ಅದಕ್ಕೆ ಹೊಂದುವ ಮುಖವನ್ನು ಮಾತ್ರ ಅವಸರದಲ್ಲಿ ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದ. ಹಂಚಿಕೆಯ ಇಂಥ ತಪ್ಪು ನಮ್ಮಲ್ಲಿ ಅನೇಕರ ವಿಷಯದಲ್ಲಿ ಆಗಿದೆ. ಬೆಳಿಗ್ಗೆ ಕನ್ನಡಿ ನೋಡಿಕೊಳ್ಳುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಯವರ ಯುದ್ಧ ನಡೆಯುತ್ತಿದ್ದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡುತ್ತಿದ್ದವು. ಹಾಗಾಗಿ ಎತ್ತಿನ ಗಾಡಿಗೆ ಮತ್ತೆ ಮರ್ಯಾದೆ ಬಂದಿತ್ತು. ಕುಲುಮೆಯಲ್ಲಿ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಬೀಳುವ ಸೂಚನೆ ಕಂಡದ್ದು ಆಳುಗಳಿಗೆ.

ಅಲ್ಲಿ ಇದ್ದವರೇ ನಾಲ್ಕು ಜನ. ಬೆಂಕಿಯ ಲೆಕ್ಕ ನೋಡುವ ಹಿರಿಯ ನಿಂಗಯ್ಯ, ಮರದ ಕೆಲಸದ ಮಜೀದ್, ಸಮ್ಮಟಿಗೆ ಬೀಸುವ ಮರಿಸಿದ್ದಯ್ಯ, ಮತ್ತು ಯಜಮಾನರಾದ ಸಾಹೇಬರು. ಹಳಿ ಕಟ್ಟುವುದು ನಾಲ್ಕು ಜನ ಒಂದೇ ಉಸಿರಿನಲ್ಲಿ ಮಾಡಬೇಕಾದ ಕೆಲಸ. ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಮರದ ಚಕ್ರದ ಮೇಲಿಟ್ಟು, ಅದು ತಣ್ಣಗಾಗುವ ಮುಂಚೆ ಬಡಿದು ಕೂರಿಸಬೇಕು. ನಿಂಗಯ್ಯ ಸಣ್ಣ ಸುತ್ತಿಗೆಯಿಂದ ಟಿಣ್ ಎಂದು ಎಲ್ಲಿ ತಟ್ಟುತ್ತಾನೋ ಅಲ್ಲೇ ಸಮ್ಮಟಿಗೆಗಳು ಬೀಳಬೇಕು. ಮರ ಹೊಗೆಯಾಡಿ ಇನ್ನೇನು ಹೊತ್ತಿಕೊಳ್ಳುತ್ತದೆ ಎನ್ನುವಾಗ ಅವನು "ನೀರು!" ಎನ್ನುತ್ತಾನೆ. ಆಗ ಸಾಹೇಬರು ಕೊಡದ ನೀರು ಹುಯ್ಯಬೇಕು. ಹಳಿ ಸುಂಯ್ ಎಂದು ಬಿಗಿದುಕೊಳ್ಳುತ್ತದೆ. ಒಂದು ಕೈ ತಪ್ಪಿದರೂ ಚಕ್ರ ಸೌದೆ.

ಸಾಹೇಬರ ತಂದೆಯ ಕಾಲದಲ್ಲಿ ಯಾರೋ ಹರಟುತ್ತಾ ಇಕ್ಕಳ ಸಡಿಲಿಸಿ, ಕಾದ ಹಳಿ ಆ ತಂದೆಯ ಪಾದದ ಮೇಲೇ ಬಿದ್ದಿತ್ತು. ಅಂದಿನಿಂದ ಬೆಂಕಿಯ ಮುಂದೆ ಮಾತಿಲ್ಲ ಎನ್ನುವುದು ಕುಲುಮೆಯ ಕಟ್ಟಳೆ. ಮಗ ಆ ಕಟ್ಟಳೆಯನ್ನು ಬೆಂಕಿ ಇಲ್ಲದ ಹೊತ್ತಿಗೂ, ಗಡಂಗಿನ ಸುದ್ದಿಗೂ, ಸೀನಿಗೂ ವಿಸ್ತರಿಸಿದ್ದರು.

ಒಂದು ದಿನ ಮರಿಸಿದ್ದಯ್ಯ ಸಮ್ಮಟಿಗೆಯನ್ನು ಗೋಡೆಗೆ ಒರಗಿಸಿ ತಲೆ ಕೆರೆದುಕೊಂಡ.

"ಸಾಬ್ರೇ, ಬರೋ ಸೋಮ್ವಾರ್ದಿಂದ ನಾ ಬರಾಕಿಲ್ಲ. ಮಂಡ್ಯದ್ ಸಕ್ರೆ ಕಾರ್ಖಾನೆಗೆ ಓಯ್ತೀನಿ."

"ಯಾಕಯ್ಯ? ಕೂಲಿ ಸಾಲದಾ?"

"ಕೂಲಿಗಲ್ಲ ಬುಡಿ. ಇಲ್ಲಿಗ್ ಬಂದ್ರೆ ಸಾವಿನ್ ಮನೇಗ್ ಬಂದಂಗಾಯ್ತದೆ. ಬೆಳಗ್ನಿಂದ ಬೈಗಿನ್ಗಂಟ ಬಾಯ್ ಮುಚ್ಕಂಡು ಬಡ್ದು ಮನೇಗೋದ್ರೆ, ನಮ್ಮವ್ವ ನನ್ ಮೊಕ ನೋಡಿ 'ಯಾಕ್ಲಾ, ಯಾರ್ ಓದ್ರು?' ಅಂತ ಕೇಳ್ತಾಳೆ."

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮರಿಸಿದ್ದಯ್ಯ ಹೋದರೆ ಅವನ ಜೊತೆಗಾರ ಮಜೀದನೂ ಹೋಗುತ್ತಾನೆ. ಉಳಿಯುವವರು ಮುದುಕ ನಿಂಗಯ್ಯ ಮತ್ತು ನೀರಿನ ಕೊಡ ಹಿಡಿದ ತಾವು. ಅಲ್ಲಿಗೆ ತಂದೆ ಹಚ್ಚಿದ ಕುಲುಮೆ ಆರಿದಂತೆಯೇ.

ಕುಲುಮೆಯ ಹಿಂದೆಯೇ ಮನೆ. ಊಟಕ್ಕೆ ಕುಳಿತವರು ಹೆಂಡತಿ ರಹೀಮುನ್ನೀಸಾಗೆ ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಹೇಳಿದರು: "ನಾಳೆಯಿಂದ ನಮ್ಮ ಕುಲುಮೆಯಲ್ಲಿ ನಗು ಇರುತ್ತೆ."

"ಯಾರು ನಗಿಸೋದು?"

"ನಾನೇ."

ಆಕೆ ಸಾರಿನ ಸೌಟನ್ನು ಕೆಳಗಿಟ್ಟಳು. "ಯಾ ಅಲ್ಲಾ! ಏನ್ ಜೀ, ನಮ್ಮ ನಿಕಾಹ್ ದಿನಾನೇ ನೀವು ನಗಲಿಲ್ಲ. ಹುಡುಗನಿಗೆ ಹೊಟ್ಟೆನೋವೇನೋ ಅಂತ ನಮ್ಮಪ್ಪ ಓಮದ ಕಷಾಯ ಕಾಯಿಸೋಕೆ ಹೋಗಿದ್ರು."

"ಅದು ಆಗ. ಈಗ ಹಟ ಹಿಡಿದಿದೀನಿ. ನಗಿಸದೆ ಬಿಡಲ್ಲ."

ಮರುದಿನ ಬೆಳಿಗ್ಗೆ ಮೂವರನ್ನೂ ಸಾಲಾಗಿ ನಿಲ್ಲಿಸಿ, "ಇವತ್ತಿಂದ ಇಲ್ಲಿ ನಗು ಇರಬೇಕು. ಎಲ್ಲರೂ ನಗಬೇಕು" ಎಂದು ಸಾರಿದರು. ನಿಂಗಯ್ಯ ಗಾಬರಿಯಿಂದ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸಾಹೇಬರು ಕ್ಷೌರದವನಿಂದ ಕಲಿತು ಬಂದಿದ್ದ ಚಟಾಕಿಯನ್ನು ಆರಂಭಿಸಿದರು. "ಒಬ್ಬ ಇದ್ದ. ಗಾಡಿಯಲ್ಲಿ ಕೂತಿದ್ದ. ಮೂಟೆ ತಲೆ ಮೇಲೆ ಇಟ್ಕೊಂಡಿದ್ದ. ಯಾಕೆ ಅಂದ್ರೆ, ಎತ್ತಿಗೆ ಭಾರ ಆಗಬಾರದು ಅಂತ."

ತಿದಿಯೊಂದೇ ಒಮ್ಮೆ ನಿಟ್ಟುಸಿರು ಬಿಟ್ಟಿತು.

"ಆ ಗಾಡಿ ಯಾವೂರ್ದು ಸಾಬ್ರೇ?" ನಿಂಗಯ್ಯ ವಿನಯದಿಂದ ಕೇಳಿದ.

"ಊರು ಗೊತ್ತಿಲ್ಲ."

"ಭಾಯ್, ಹಳಿ ಏನಾದ್ರೂ ಸಡಿಲ ಇತ್ತಾ?" ಇದು ಮಜೀದ್.

"ಇಲ್ಲಯ್ಯ! ಮೂಟೆ ತಲೆ ಮೇಲೆ…"

"ಅಂಗಾದ್ರೆ ನಮ್ತಾವ ಯಾಕ್ ಬಂದ?" ಎಂದ ಮರಿಸಿದ್ದಯ್ಯ.

ಕೆಲಸದ ಮೇಲೆ ಅಷ್ಟು ನಿಷ್ಠೆಯಿರುವವರ ಮುಂದೆ ಚಟಾಕಿ ನಿಲ್ಲುವುದಿಲ್ಲ. ಸಾಹೇಬರು ಸೋಲನ್ನು ಒಪ್ಪಲಿಲ್ಲ, ಆಯುಧ ಬದಲಿಸಿದರು. ಅವರ ಹೆಂಡತಿಯ ತಮ್ಮ ನಜೀರ್ ಅಹ್ಮದ್ ಮಂಡ್ಯದಲ್ಲಿ ಗಡಿಯಾರ, ಗ್ರಾಮಾಫೋನು ರಿಪೇರಿ ಮಾಡುತ್ತಿದ್ದ. ಅವನ ಅಂಗಡಿಯಲ್ಲಿ ಹೋಗಿ ಕುಳಿತು ಅಲುಗಾಡದೆ ಒಂದು ಗ್ರಾಮಾಫೋನು ಕೇಳಿದರು.

"ದುಲ್ಹಾಭಾಯ್, ಇದು ಸೂಕ್ಷ್ಮದ ಯಂತ್ರ. ನಿಮ್ಮ ಕುಲುಮೆಯ ಬೂದಿ, ಹೊಗೆ…"

"ನನ್ನ ಆಳು ಹೋಗ್ತಾನಪ್ಪ. ಕೊಡು."

ಬರುವಾಗ ಇದ್ದಿಲಿನ ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ಎಲ್ಲರೂ ಇಳಿದು ತಳ್ಳಿದರು. ಸಾಹೇಬರು ಮಾತ್ರ ಗ್ರಾಮಾಫೋನನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಬೆನ್ನಿನಿಂದ ಬಸ್ಸನ್ನು ತಳ್ಳುತ್ತಾ ಮಳವಳ್ಳಿಗೆ ಬಂದರು.

ಶನಿವಾರ ಬೆಳಕವಾಡಿಯ ಕೆಂಪಯ್ಯನ ಗಾಡಿಯ ಸರದಿ. ಕೆಂಪಯ್ಯ ಕಬ್ಬಿನ ರೈತ, ಎಲ್ಲದರಲ್ಲೂ ಅವಸರದವನು. ಅವನ ಚಕ್ರ ಅಂಗಳದಲ್ಲಿ ಮಲಗಿತ್ತು, ಹಳಿ ಬೆಂಕಿಯಲ್ಲಿ ಕೆಂಪಾಗುತ್ತಿತ್ತು. ಸಾಹೇಬರು ಗ್ರಾಮಾಫೋನನ್ನು ಮುಕ್ಕಾಲಿಯ ಮೇಲಿಟ್ಟು, ಅದರ ಹಿಡಿಯನ್ನು ತಿರುವಿ, ನಾಟಕದ ಹಾಡಿನ ಪ್ಲೇಟು ಹಾಕಿದರು. ಹೂವಿನಂಥ ಕಹಳೆಯಿಂದ ಮೃದಂಗ ಎದ್ದು ಬಂತು. ಮರಿಸಿದ್ದಯ್ಯನ ಮುಖ ಅರಳಿದ್ದನ್ನು ಸಾಹೇಬರು ಕಣ್ಣಾರೆ ಕಂಡರು. ಗೆದ್ದೆ ಎಂದುಕೊಂಡು ಕೊಡ ಎತ್ತಿಕೊಂಡರು.

ಹಳಿ ಚಕ್ರದ ಮೇಲೆ ಬಂತು. ನಿಂಗಯ್ಯ ಟಿಣ್ ಎಂದು ತಟ್ಟಿದ. ಆದರೆ ಮೃದಂಗದ ಮುಂದೆ ಮುದುಕನ ಟಿಣ್ ಯಾರಿಗೆ ಕೇಳಬೇಕು? ಮರಿಸಿದ್ದಯ್ಯನೂ ಮಜೀದನೂ ತಮಗರಿವಿಲ್ಲದೆ ಹಾಡಿನ ತಾಳಕ್ಕೆ ಬಡಿಯತೊಡಗಿದರು. ಮೊದಲು ಅದೆಷ್ಟು ಸೊಗಸಾಗಿತ್ತೆಂದರೆ ನಿಂಗಯ್ಯನೂ ಸೋತು ತಾಳ ಹಿಡಿದ. ಸಾಹೇಬರ ಕಾಲಿನ ಹೆಬ್ಬೆರಳು ಕೂಡ, ಮುಖಕ್ಕೆ ತಿಳಿಯದಂತೆ, ಕುಣಿಯಿತು.

ಗ್ರಾಮಾಫೋನಿಗೆ ಆಗಾಗ ಕೀಲಿ ಕೊಡಬೇಕು. ಕೊಡುವವರು ಯಾರು? ಮೂವರ ಕೈಯಲ್ಲಿ ಸುತ್ತಿಗೆ, ಒಬ್ಬರ ಕೈಯಲ್ಲಿ ಕೊಡ. ಹಾಡು ಮೆಲ್ಲನೆ ಎಳೆಯಲು ಶುರುವಾಯಿತು. ಹಾಡುತ್ತಿದ್ದ ಹೆಂಗಸು ಗಂಡಸಾದಳು, ಗಂಡಸು ಕೋಣನಾದ. ಸಮ್ಮಟಿಗೆಗಳೂ ಅಷ್ಟೇ ನಿಧಾನವಾದವು. ಧೋ… ಎಂದು ಒಂದು ಏಟು, ಉಸಿರು ಬಿಟ್ಟುಕೊಂಡು ಇನ್ನೊಂದು. ಅತ್ತ ಹಳಿ ಅರ್ಧಕ್ಕೇ ನಿಂತಿತು, ಇತ್ತ ಮರ ಹೊತ್ತಿಕೊಂಡಿತು.

"ನೀರು! ಸಾಬ್ರೇ, ನೀರು!" ನಿಂಗಯ್ಯ ಕೂಗಿದ.

ಸಾಹೇಬರಿಗೆ ಆ ಕ್ಷಣದಲ್ಲಿ ಕಂಡದ್ದು ಚಕ್ರವಲ್ಲ, ಸಾಯುತ್ತಿದ್ದ ಹಾಡು. ಹಾಡು ನಿಂತರೆ ನಗು ನಿಲ್ಲುತ್ತದೆ, ನಗು ನಿಂತರೆ ಮರಿಸಿದ್ದಯ್ಯ ಮಂಡ್ಯಕ್ಕೆ ಹೋಗುತ್ತಾನೆ. ಕೊಡ ಹಿಡಿದೇ ಓಡಿ ಹೋಗಿ ಎಡಗೈಯಿಂದ ಕೀಲಿ ತಿರುವಿದರು. ಹಾಡು ದೆವ್ವ ಬಡಿದಂತೆ ಚಿಮ್ಮಿತು. ಸಮ್ಮಟಿಗೆಗಳೂ ಚಿಮ್ಮಿದವು, ಹಳಿ ಸೊಟ್ಟಗೆ ಹತ್ತಿ ಕೂತಿತು.

"ನನ್ ಚಕ್ರ ಉರೀತಾ ಐತೆ, ನೀವು ಪದ ಕೇಳ್ತಾ ನಿಂತವ್ರಲ್ಲಾ!" ಕೆಂಪಯ್ಯ ಬಾಯಿ ಬಡಿದುಕೊಂಡ.

ಸಾಹೇಬರು ಬೆಚ್ಚಿ ಕೊಡ ಎತ್ತಿ ಸುರಿದರು. ಅರ್ಧ ನೀರು ಚಕ್ರಕ್ಕೆ ಹೋಯಿತು. ಉಳಿದರ್ಧ ತಮ್ಮ ಮೈಮೇಲೂ ಗ್ರಾಮಾಫೋನಿನ ಕಹಳೆಯೊಳಕ್ಕೂ ಹೋಯಿತು. ಗಾಯಕಿ ಗೊಳಗೊಳ ಎಂದು ಬಾಯಿ ಮುಕ್ಕಳಿಸಿ ಮೌನವಾದಳು.

ಆಳುಗಳ ಮುಖ ಹೊಟ್ಟು ತುಂಬಿದ ಚೀಲದಂತೆ ಉಬ್ಬಿತ್ತು. ಸಾಹೇಬರು ಸುಟ್ಟ ಚಕ್ರವನ್ನು ನೋಡಿದರು. "ಕೆಂಪಯ್ಯ, ಹೊಸ ಮರ ಹಾಕಿ ಕಟ್ಟಿಕೊಡ್ತೀನಿ" ಎಂದು ಹೇಳಿ, ಪಂಚೆಯಿಂದ ನೀರು ತೊಟ್ಟಿಕ್ಕಿಸುತ್ತಾ ಹಿಂಬಾಗಿಲಿನಿಂದ ಮನೆಗೆ ಹೋದರು. ಎಲ್ಲಾ ಮುಗಿಯಿತು ಎನಿಸಿತು.

ಒಳಗೆ ರಹೀಮುನ್ನೀಸಾ ಕುಲುಮೆಯ ಕಡೆಯ ಗೋಡೆಗೆ ಕಿವಿ ಕೊಟ್ಟು, ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು. ಗಂಡನ ಸೋಲಿಗೆ ಅಳುತ್ತಿದ್ದಾಳೆಂದು ಸಾಹೇಬರ ಎದೆ ಕರಗಿತು. ಹತ್ತಿರ ಹೋದರೆ, ಆಕೆ ನಗುತ್ತಿದ್ದಳು.

ಗೋಡೆಯಾಚೆಯಿಂದ ಸಾಹೇಬರಿಗೆ ತಮ್ಮದೇ ದನಿ ಕೇಳಿಸಿತು. "ಇವತ್ತಿಂದ ಇಲ್ಲಿ ನಗು ಇರಬೇಕು! ನಗ್ರಯ್ಯಾ! ಯಾವನ್ಲಾ ಅವ್ನು ನಗ್ದೆ ಇರೋನು?" ಹಿಂದೆಯೇ ಕುಲುಮೆ ಬಿರಿಯುವಂಥ ನಗು. ಅದರಲ್ಲಿ ಚಕ್ರ ಸುಟ್ಟುಕೊಂಡ ಕೆಂಪಯ್ಯನ ದನಿಯೇ ದೊಡ್ಡದು.

"ಇದು ಯಾರು?"

"ಮರಿಸಿದ್ದಯ್ಯ. ನೀವು ಊಟಕ್ಕೆ ಬಂದಾಗೆಲ್ಲಾ ದನಿ ತಗ್ಗಿಸಿ ನಿಮ್ಮನ್ನ ಆಡಿ ತೋರಿಸ್ತಾನೆ, ಗೋಡೆಗೆ ಕಿವಿ ಕೊಟ್ಟರೇ ಕೇಳೋದು. ನಿಮ್ಮ ನಡಿಗೆ, ನಿಮ್ಮ ಕೆಮ್ಮು, ಎಲ್ಲಾ. ನಂಗೂ ಹೊತ್ತು ಹೋಗೋದು ಇದರಲ್ಲೇ," ಎಂದು ಆಕೆ ಕಣ್ಣೊರೆಸಿಕೊಂಡಳು. "ಏನ್ ಮಾಡೋದು, ನೀವು ಗಬಗಬ ತಿಂದು ಎದ್ದುಬಿಡ್ತೀರಿ. ಪಾಪ, ಅವರಿಗೆ ಅಷ್ಟೇ ಹೊತ್ತು ಸಿಗೋದು."

ಸಾಹೇಬರಿಗೆ ಮೊದಲು ಬಂದದ್ದು ಕೋಪ. ಎಲ್ಲರನ್ನೂ ಓಡಿಸಿಬಿಡಬೇಕು ಎನಿಸಿತು. ಓಡಿಸುವುದೇನು, ಅವರೇ ಹೊರಟಿದ್ದಾರೆ. ಆಮೇಲೆ ನಾಚಿಕೆಯಾಯಿತು. ಬಸ್ಸಿನಲ್ಲಿ ಎದೆಗವಚಿಕೊಂಡು ತಂದ ನಗು, ತಾವು ಎದ್ದುಹೋದ ಜಾಗದಲ್ಲಿ ದಿನಾ ಮಧ್ಯಾಹ್ನ ತಾನಾಗಿ ಮೊಳೆಯುತ್ತಿತ್ತು. ಒದ್ದೆ ಪಂಚೆ ಹಿಂಡಿದರು, ಎರಡು ಹೆಜ್ಜೆ ಇಟ್ಟರು, ನಿಂತರು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟರೆ ಹಳಿಯೂ ಕೂರುವುದಿಲ್ಲ, ಮನುಷ್ಯರೂ ಕೂರುವುದಿಲ್ಲ. ಹಿಂಬಾಗಿಲು ತೆರೆದು ಕುಲುಮೆಗೆ ಕಾಲಿಟ್ಟರು.

ನಗು ಕತ್ತರಿಸಿದಂತೆ ನಿಂತಿತು. ಮರಿಸಿದ್ದಯ್ಯ ಎಡಗೈಯಲ್ಲಿ ಖಾಲಿ ಕೊಡ ಹಿಡಿದು, ಬಲಗೈಯಿಂದ ಗಾಳಿಯಲ್ಲಿ ಕೀಲಿ ತಿರುವುತ್ತಿದ್ದವನು ಹಾಗೇ ಕಲ್ಲಾದ. ನಿಂಗಯ್ಯ ನೆಲ ನೋಡಿದ.

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಳಿಯಂಥ ಮುಖದಲ್ಲೇ ಹೇಳಿದರು:

"ತಪ್ಪು."

"ತಪ್ಪಾಯ್ತು ಸಾಬ್ರೇ…"

"ಕೈ ತಪ್ಪು ಅಂದೆ ಕಣಯ್ಯ. ಕೊಡ ಇದ್ದದ್ದು ಬಲಗೈಯಲ್ಲಿ. ಕೀಲಿ ತಿರುವಿದ್ದು ಎಡಗೈ. ಕೊಡು ಇಲ್ಲಿ."

ಕೊಡ ಕಿತ್ತುಕೊಂಡು ಅಂಗಳದ ಮೂಲೆಯಿಂದ ಓಡಿ ಬಂದರು. ಇಲ್ಲದ ಕೀಲಿ ತಿರುವಿದರು, ಇಲ್ಲದ ಬೆಂಕಿಗೆ ಬೆಚ್ಚಿದರು, ಇಲ್ಲದ ನೀರನ್ನು ತಮ್ಮ ಮೇಲೆ ಸುರಿದುಕೊಂಡರು, ಕೊನೆಗೆ ಗಾಯಕಿಯಂತೆ ಗೊಳಗೊಳ ಎಂದರು. ಇಷ್ಟರಲ್ಲಿ ಒಮ್ಮೆಯೂ ಅವರ ಮುಖದ ಒಂದು ಗೆರೆ ಅಲುಗಲಿಲ್ಲ. ನಗಿಸುವವನು ನಗಬಾರದು ಎಂದು ನಾಟಕದವರು ವರ್ಷಗಟ್ಟಲೆ ಕಲಿಯುವ ವಿದ್ಯೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಇಷ್ಟು ದಿನ ಬಳಸಿರಲಿಲ್ಲ, ಅಷ್ಟೇ. ನಿಂಗಯ್ಯ ಹೊಟ್ಟೆ ಹಿಡಿದುಕೊಂಡು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕುಸಿದ. ಕೆಂಪಯ್ಯ "ಅಯ್ಯಪ್ಪಾ, ಸಾಕ್ ಬುಡಿ ಸಾಬ್ರೇ, ಸತ್ತೋಯ್ತೀನಿ" ಎಂದು ಕೈಮುಗಿದ. ಗೋಡೆಯಾಚೆ ಒಂದು ಸೌಟು ನೆಲಕ್ಕೆ ಬಿತ್ತು.

ಸೋಮವಾರ ಬಂತು. ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಬಸ್ಸು ಹೊರಟ ಸದ್ದು ಕೇಳಿಸಿತು. ಮರಿಸಿದ್ದಯ್ಯ ಬರಲಿಲ್ಲ. ಮಜೀದ್ ಉಳಿ ಮಸೆಯುತ್ತಾ ತಲೆ ಎತ್ತಲಿಲ್ಲ. ಸಾಹೇಬರು ತಾವೇ ಸಮ್ಮಟಿಗೆ ಎತ್ತಿ ನೋಡಿದರು. ಭಾರವಾಗಿತ್ತು. ಕೆಳಗಿಡಲಿಲ್ಲ.

"ಅಂಗ್ ಇಡೀಬ್ಯಾಡಿ ಸಾಬ್ರೇ, ಸೊಂಟ ಉಳುಕ್ತದೆ," ಎಂದಿತು ಹಿಂದಿನಿಂದ ಒಂದು ದನಿ. ಮರಿಸಿದ್ದಯ್ಯ, ಕಂಕುಳಲ್ಲಿ ಬಟ್ಟೆಯ ಗಂಟು.

"ಹೋಗ್ತೀನಿ ಅಂದಿದ್ದೆ?"

"ಬಸ್ಸಿನ್ ತಾವ ಓಗಿದ್ದೆ. ಅಲ್ಲಿ ಕಾರ್ಖಾನೇಲಿ ಕೆಲ್ಸ ಮಾಡೋನೊಬ್ಬ ಸಿಕ್ದ. 'ನಿಮ್ ಯಜಮಾನ್ರು ಎಂಗ್ ನಡೀತಾರ್ಲಾ?' ಅಂತ ಕೇಳ್ದೆ. 'ಕಂಡೋರ್ ಯಾರ್ಲಾ, ನಾ ನೋಡೇ ಇಲ್ಲ' ಅಂದ." ಮರಿಸಿದ್ದಯ್ಯ ಸಮ್ಮಟಿಗೆ ಇಸಿದುಕೊಂಡ. "ನೋಡ್ದೆ ಇರೋರ್ನ ನಾ ಎಂಗ್ ಆಡಿ ತೋರ್ಸ್ಲಿ? ಎಲ್ಡೇ ದಿನಕ್ಕೆ ಬ್ಯಾಸ್ರ ಆಗೋಯ್ತದೆ. ಸುಮ್ಕೆ ವಾಪಸ್ ಬಂದೆ."

ಆಮೇಲೆ ಕಟ್ಟಳೆ ತನ್ನ ಹಳೆಯ ಜಾಗಕ್ಕೆ ಮರಳಿತು. ಹಳಿ ಕೆಂಪಗಿರುವಷ್ಟು ಹೊತ್ತು ಪಿಟ್ ಎನ್ನುವಂತಿಲ್ಲ. ನೀರು ಬಿದ್ದು ಹಬೆ ಎದ್ದಿತೋ, ಅಂದು ಯಾರ ಕೈ ತಪ್ಪಿತ್ತೋ ಅವರನ್ನು ಆಡಿ ತೋರಿಸಬಹುದು. ಯಜಮಾನರಿಗೆ ವಿನಾಯಿತಿ ಇಲ್ಲ. ಗ್ರಾಮಾಫೋನು ಮಂಡ್ಯಕ್ಕೆ ಹಿಂತಿರುಗಿತು. ಒಣಗಿದ ಮೇಲೂ ಅದು ಹಾಡುವ ಮುಂಚೆ ಒಮ್ಮೆ ಕೆಮ್ಮುತ್ತದೆ ಎಂದು ನಜೀರ್ ಅಹ್ಮದ್ ಬಹಳ ದಿನ ದೂರುತ್ತಿದ್ದ.

ಕೆಂಪಯ್ಯನ ಚಕ್ರಕ್ಕೆ ಹೊಸ ಮರ ಹಾಕಿ ಹಳಿ ಕಟ್ಟುವ ದಿನ ಅವನು ಒಬ್ಬನೇ ಬರಲಿಲ್ಲ. ಬೆಳಕವಾಡಿಯಿಂದ ಅಕ್ಕ ಹೊಂಬಾಳಮ್ಮನನ್ನೂ ಒಂದು ಗಾಡಿ ನೆಂಟರನ್ನೂ ಹೇರಿಕೊಂಡು ಬಂದಿದ್ದ. ಎಲ್ಲರೂ ಅಂಗಳದ ಸುತ್ತ ಕುಕ್ಕರಗಾಲಲ್ಲಿ ಕುಳಿತರು. ನಿಂಗಯ್ಯ ಟಿಣ್ ಎಂದ ಕಡೆ ಸಮ್ಮಟಿಗೆ ಬಿತ್ತು. ನೀರು ಎಂದಾಗ ನೀರು ಬಿತ್ತು. ಹಳಿ ಬಳೆ ತೊಡಿಸಿದಂತೆ ಕೂತಿತು. ಯಾರ ಕೈಯೂ ತಪ್ಪಲಿಲ್ಲ.

ಹೊಂಬಾಳಮ್ಮನಿಗೆ ಸಿಟ್ಟು ಬಂತು. "ಏನ್ಲಾ ಕೆಂಪ, ಇದ್ನ ನೋಡಾಕ ಅಷ್ಟ್ ದೂರದಿಂದ ಕರ್ಕಬಂದೆ? ಚಕ್ರಕ್ ಬೆಂಕಿ ಬೀಳ್ನಿಲ್ಲ, ಯಾರ್ ಮೈಮ್ಯಾಲೂ ನೀರ್ ಬೀಳ್ನಿಲ್ಲ!"

ಕೆಂಪಯ್ಯ ಅಪರಾಧಿಯಂತೆ ಸಾಹೇಬರ ಕಡೆ ನೋಡಿದ. ಮರಿಸಿದ್ದಯ್ಯ, ಮಜೀದ್, ನಿಂಗಯ್ಯ ಮೂವರೂ ನೋಡಿದರು. ಶಫೀವುಲ್ಲಾ ಸಾಹೇಬರು ಪಂಚೆ ಎತ್ತಿ ಕಟ್ಟಿದರು, ಸಾವಿನ ಮನೆಯ ಮುಖ ಹೊತ್ತುಕೊಂಡು, ಖಾಲಿ ಕೊಡವನ್ನು ಬಲಗೈಯಲ್ಲಿ ಎತ್ತಿಕೊಂಡರು.